ಗುರುತು ಹಾಕುವ ಜಾಗ

ಬುಧವಾರ, ಶನಿವಾರ, ಹತ್ತರಿಂದ ಒಂದರವರೆಗೆ
ಖಡಕಿಯ ದಂಡಿನ ಚರ್ಚಿನಲ್ಲಿ
ಸತ್ತವರ ಕೀಲಿಕೈ ನನ್ನ ಸೆರಗಿನ ತುದಿಯಲ್ಲಿರುತ್ತದೆ.
ಕಪಾಟಿನ ಬಾಗಿಲು ಮೊದಲು ಎತ್ತಬೇಕು, ಆಮೇಲೆ ಎಳೆಯಬೇಕು;
ಇದನ್ನು ಮೂವರು ಪಾದ್ರಿಗಳಿಗೆ ಕಲಿಸಿದ್ದೇನೆ.

ಬ್ರೀಡಾ ಟೂಹಿ ಬಂದದ್ದು ಐರ್ಲೆಂಡಿನ ಕ್ಲೇರ್ ಸೀಮೆಯಿಂದ.
ಅರವತ್ತು ದಾಟಿದ ಹೆಂಗಸು, ಮೊಣಕಾಲಿಗೆ ಪಟ್ಟಿ,
ಕೈಯಲ್ಲಿ ಒಂದೇ ಹೆಸರು: ಮೈಕಲ್.
ಅವರ ರಾಜಧಾನಿಯ ದಫ್ತರಖಾನೆ ಒಮ್ಮೆ ಹೊತ್ತಿ ಉರಿದು
ತಲೆ ಎಣಿಸಿದ ಹಾಳೆಗಳೆಲ್ಲ ಬೂದಿಯಾದವಂತೆ.
"ಉಳಿದವರು ಹೊರಗೆ ಹೋದವರು ಮಾತ್ರ" ಎಂದಳು.
ನಾನು ಚಹಾ ಹೇಳಿದೆ.

ನಮ್ಮ ಕಡೆ, ಸವದತ್ತಿಯ ಆಚೆ,
ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಹೆಳವ ಬರುತ್ತಿದ್ದ.
ಕಟ್ಟೆಯ ಮೇಲೆ ಕೂತು, ಉಸಿರು ಬಿಡದೆ,
ಇಂಥವನ ಮಗ ಇಂಥವ, ಇಂಥ ಊರಿಂದ ಎದ್ದು ಬಂದವ ಎಂದು
ಏಳು ತಲೆ ಇಳಿಸಿ, ಒಂದು ಚೀಲ ಜೋಳ ಏರಿಸಿಕೊಂಡು ಹೋಗುತ್ತಿದ್ದ.
"ನನ್ನ ಹೆಸರ ಎಲ್ಲಿ?" ಅಂತ ಕೇಳಿದ್ದಕ್ಕೆ
"ನೀ ಮತ್ತೊಬ್ಬರ ಪುಸ್ತಕಕ್ಕ ಹೋಗಾಕಿ, ತಂಗಿ" ಅಂದಿದ್ದ.
ಹೋದೆ. ಇಲ್ಲಿಯ ಮದ್ದಿನ ಕಾರ್ಖಾನೆಯ ಒಬ್ಬ ರೆಬೆಲೋನ ಪುಸ್ತಕಕ್ಕೆ.
ಆಮೇಲೆ ಹೆಳವ ನಮ್ಮ ಅಪ್ಪನ ಮುಂದೆ
ಏನು ಹಾಡಿದ, ಏನು ಬಿಟ್ಟ, ಕೇಳಲಿಲ್ಲ.

ಮೈಕಲ್ ಸುಲಭಕ್ಕೆ ಸಿಗಲಿಲ್ಲ.
ಪಾದ್ರಿಯ ಕಿವಿಗೆ ಬಿದ್ದಂತೆ ಹೆಸರು:
ತೂಯಿ, ಟುವೊಯ್, ಒಂದು ಕಡೆ ಬರೀ ಟೀ.
ಊರಿನ ಕಾಲಮ್ಮಿನಲ್ಲಿ "ಐರ್ಲೆಂಡ್", ಅಷ್ಟೇ,
ಇಡೀ ದೇಶವನ್ನು ಒಂದು ಇಂಚಿನೊಳಗೆ ಮಡಚಿಟ್ಟ ಹಾಗೆ.
ಹುಳ ತಿಂದ ತೂತಿನಿಂದ ಮುಂದಿನ ಪುಟದ ಕಾಲರಾ ಕಾಣುತ್ತಿತ್ತು:
ಒಂದೇ ಕೈಬರಹದಲ್ಲಿ ಹದಿನಾಲ್ಕು ಸಾವು,
ಹನ್ನೊಂದರಿಂದಾಚೆಗೆ ಅಕ್ಷರ ಓಲಾಡುತ್ತವೆ,
ಹದಿನೈದನೆಯದು ಬೇರೆಯವರ ಕೈ.

ಮೂರನೆಯ ಶನಿವಾರ ಸಿಕ್ಕ, ಮದುವೆಯ ರಿಜಿಸ್ಟರಿನಲ್ಲಿ.
ಅಕ್ಷರವೆಲ್ಲ ಪಾದ್ರಿಯದು. ಕೊನೆಗೆ ಅವನದೊಂದು ಗುಣಾಕಾರ,
ಒತ್ತಿದ ನಿಬ್ಬಿಗೆ ಕಾಗದ ಹರಿದಿದೆ.
ಬ್ರೀಡಾ ಅದರ ಮೇಲೆ ಬೆರಳಿಟ್ಟಳು.
ಮುಟ್ಟಬಾರದು ಅಂತ ನಿಯಮ.
ನಾನು ಕಿಟಕಿಯತ್ತ ತಿರುಗಿದೆ. ಲೋಕಲ್ ಒಂದು
ಲೋಣಾವಳದ ಕಡೆಗೆ ಹೋಯಿತು, ಪೂರ್ತಿ ಹೋಯಿತು.

ವಧು: ಕ್ಯಾಥರೀನ್. ನೇಟಿವ್. ಅದೇ ಬೆಳಿಗ್ಗೆ ದೀಕ್ಷಾಸ್ನಾನ.
ತಂದೆ: ಒಂದು ಗೆರೆ. ಊರು: ಅದೇ ಗೆರೆ ಮುಂದುವರಿದಿದೆ.
ಅವಳ ಗುರುತು ಮಾತ್ರ ಗುಣಾಕಾರವಲ್ಲ.
ಮೂಲೆಗೊಂದರಂತೆ ನಾಲ್ಕು ಚುಕ್ಕಿ, ನಡುವೆ ಐದನೆಯದು,
ಪ್ರತಿಯೊಂದಕ್ಕೂ ನಿಬ್ಬು ಅದ್ದಿದ್ದಾಳೆ, ಗಡಿಬಿಡಿಯಿಲ್ಲ.

ನಮ್ಮವ್ವನ ಅವ್ವ ತಂಗೆವ್ವಳ ಮುಂಗೈ ಮೇಲೆ
ಕೊರವಂಜಿ ಹುಯ್ದ ಹಚ್ಚೆ ಇದೇ.
"ಸತ್ತ ಮ್ಯಾಲ ಜೋಡಿ ಬರೂದು ಇದೊಂದ" ಅಂತಿದ್ದಳು.
ಪುರಾವೆ ಅಲ್ಲ ಇದು. ಐದು ಚುಕ್ಕಿ ಯಾರ ಕೈಯಲ್ಲೂ ಇರಬಹುದು,
ಸೋಲಾಪುರದಲ್ಲಿ, ಸಾತಾರಾದಲ್ಲಿ.
ದಂಡಿನ ಕಚೇರಿಯ ಪುಸ್ತಕದಲ್ಲೂ ಹೆಚ್ಚಿಗೆ ಇಲ್ಲ:
ಮೈಕಲ್, ಜ್ವರ.
ಹೆಂಡತಿ, ರೇಷನ್ ಪಟ್ಟಿಯಿಂದ ತೆಗೆದಿದೆ.
ತೆಗೆದು ಎಲ್ಲಿಟ್ಟರು ಅಂತ ಬರೆದಿಲ್ಲ.

"ಇದೇನು?" ಎಂದಳು ಬ್ರೀಡಾ, ಚುಕ್ಕಿ ತೋರಿಸಿ.
ಮಸಿ ಸೋರಿರಬೇಕು ಅನ್ನಬಹುದಿತ್ತು.
ನನ್ನ ಇಂಗ್ಲಿಷು ರಸೀದಿಗೆ ಸಾಕು, ಇದಕ್ಕೆ ಸಾಲದು.
ಅವಳ ಮುಂಗೈ ಹತ್ತಿರ ಎಳೆದು, ತೋರುಬೆರಳಿನಿಂದ
ಐದು ಸಲ ಒತ್ತಿದೆ.
ಕೈ ಹಿಂದೆಗೆದುಕೊಳ್ಳಲಿಲ್ಲ.

ನಕಲು ಕೊಡುವ ಫಾರ್ಮಿನಲ್ಲಿ, ಸಹಿ ಬಾರದ ವಧುವಿಗೆಂದು,
ಗುಣಾಕಾರ ಮೊದಲೇ ಅಚ್ಚಾಗಿರುತ್ತದೆ.
ಅದನ್ನು ಹೊಡೆದು ಹಾಕಿದೆ.
ತಿದ್ದಿದರೆ ಪಾದ್ರಿಯ ಸಹಿ ಬೇಕು, ಅವರು ಊಟಕ್ಕೆ ಹೋಗಿದ್ದರು.
ಬಾಲ್‌ಪೆನ್ನಿನಿಂದ ಒಂದು, ಎರಡು, ಮೂರು, ನಾಲ್ಕು.
ಐದನೆಯದಕ್ಕೆ ಪೆನ್ನು ಬರೆಯಲೊಲ್ಲದು;
ಜಾಡಿಸಿ ಇಟ್ಟೆ.
ಒಂದೂ ಹತ್ತಕ್ಕೆ ಮೊಹರು ಒತ್ತಿ
ನೂರೈವತ್ತು ರೂಪಾಯಿಯ ರಸೀದಿ ಹರಿದು ಕೊಟ್ಟೆ.